ಯಸೊಕಿಚಿಯ ಬೆನ್ನಿನ ಒಂಬತ್ತು ಚುಕ್ಕೆ

ಮೊಗುಸಾ ಅಂಗಡಿಯ ಗುಮಾಸ್ತ ಯಸೊಕಿಚಿಯ ಬೆನ್ನನ್ನು ಅವನ ಹೆಂಡತಿ ಕಿನು ಬಿಟ್ಟರೆ ಊರಿನಲ್ಲಿ ಇನ್ನಾರೂ ನೋಡಿರಲಿಲ್ಲ. ಇದರಲ್ಲೇನು ವಿಶೇಷ ಎಂದು ಬೇರೆ ಊರಿನವರು ಕೇಳಬಹುದು. ಇಬುಕಿ ಬೆಟ್ಟದ ಬುಡದ ಆ ಊರಿನಲ್ಲಿ ಬೆನ್ನು ಎಂದರೆ ಗಂಡಸಿನ ಜಾತಕ. ಬೆಟ್ಟದ ಮಾಚಿಪತ್ರೆ ಕೊಯ್ದು, ಒಣಗಿಸಿ, ಬೀಸಿ, ಜರಡಿ ಹಿಡಿದು, ಹತ್ತಿಯಂಥ ಮೊಗುಸಾ ಮಾಡಿ ದೇಶಕ್ಕೆಲ್ಲ ಕಳಿಸುವ ಊರು ಅದು. ಆ ಮೊಗುಸಾವನ್ನು ಅಕ್ಕಿಕಾಳಿನಷ್ಟು ಚಿವುಟಿ, ಮೈಮೇಲೆ ಗೊತ್ತಾದ ಜಾಗದಲ್ಲಿ ಕೂರಿಸಿ, ಊದುಬತ್ತಿಯ ಕಿಡಿ ತಾಗಿಸಿ ಉರಿಸುವುದಕ್ಕೆ ಯೈತೊ ಎನ್ನುತ್ತಾರೆ. ಸೊಂಟ ಹಿಡಿದರೆ ಯೈತೊ, ಹಸಿವಾಗದಿದ್ದರೆ ಯೈತೊ, ಹಸಿವು ಜಾಸ್ತಿಯಾದರೂ ಯೈತೊ. ಊರಿನ ಸ್ನಾನದ ಮನೆಯಲ್ಲಿ ಗಂಡಸರು ಸಾಲಾಗಿ ಕುಳಿತರೆ ಅವರ ಬೆನ್ನುಗಳ ಮೇಲೆ ಸುಟ್ಟ ಕಂದು ಚುಕ್ಕೆಗಳೂ ಸಾಲಾಗಿ ಕುಳಿತಿರುತ್ತಿದ್ದವು. ಚುಕ್ಕೆ ಹೆಚ್ಚಿದ್ದಷ್ಟೂ ಬಿಸಿನೀರಿನ ತೊಟ್ಟಿಯಲ್ಲಿ ಒಳ್ಳೆಯ ಮೂಲೆ ಸಿಗುತ್ತಿತ್ತು.

ಇಂಥ ಊರಿನ ಅತಿ ಹಳೆಯ ಮೊಗುಸಾ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದ ಯಸೊಕಿಚಿಯ ಬೆನ್ನು ಆಗತಾನೇ ಅಚ್ಚಿನಿಂದ ತೆಗೆದ ತೋಫುವಿನ ಹಾಗೆ ಬೆಳ್ಳಗೆ, ನುಣ್ಣಗೆ ಇತ್ತು. ಒಂದೇ ಒಂದು ಚುಕ್ಕೆ ಇರಲಿಲ್ಲ. ಅವನಿಗೆ ಬೆಂಕಿ ಎಂದರೆ ಜೀವ ಬಾಯಿಗೆ ಬರುವಷ್ಟು ಭಯ. ಬೇರೆಯವರು ಸಿಗರೇಟು ಹಚ್ಚಿದರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆದರೆ ಅಂಗಡಿಯ ಕಟ್ಟೆಯ ಹಿಂದೆ ಕುಳಿತರೆ ಅವನ ಗತ್ತೇ ಬೇರೆ. ಬಿಸಿ ತಿಳಿದ ಕೂಡಲೇ ಚಿವುಟಿ ತೆಗೆಯುವ ಯೈತೊ ಯಾರಿಗೆ, ಪೂರ್ತಿ ಉರಿಸಿ ಬಿಸಿಯನ್ನು ಒಳಕ್ಕೆ ಇಳಿಸುವ ಯೈತೊ ಯಾರಿಗೆ, ಶುಂಠಿ ಬಿಲ್ಲೆಯ ಮೇಲೆ ಇಡುವುದು ಯಾವಾಗ, ಹೊಕ್ಕುಳಿಗೆ ಉಪ್ಪು ತುಂಬಿ ಅದರ ಮೇಲೆ ಇಡುವುದು ಯಾವಾಗ, ಎಲ್ಲವೂ ಅವನ ನಾಲಗೆಯ ತುದಿಯಲ್ಲಿತ್ತು. ಒಂದು ಸಲ ಉರಿಸಿದರೆ ಒಂದು ಸೋ. ‘ನಾನಂತೂ ದಿನಾ ಏಳು ಸೋ ಹಾಕಿಸ್ಕೋತೀನಿ, ಸೊಳ್ಳೆ ಕಡಿದಷ್ಟೂ ಗೊತ್ತಾಗಲ್ಲ’ ಎಂದು ಅವನು ಹೇಳುವಾಗ ಗಿರಾಕಿಗಳು ಗೌರವದಿಂದ ತಲೆ ಬಾಗಿಸುತ್ತಿದ್ದರು.

ಗುಟ್ಟು ಇಷ್ಟು ವರ್ಷ ಉಳಿದದ್ದು ಹೇಗೆಂದರೆ, ಅವನು ಸೇತುವೆ ದಾಟಿ ಪಕ್ಕದ ಊರಿನ ಸ್ನಾನದ ಮನೆಗೆ ಹೋಗುತ್ತಿದ್ದ. ಕೇಳಿದವರಿಗೆ ಆ ಊರಿನ ನೀರು ಮೆತ್ತಗಿದೆ ಎನ್ನುತ್ತಿದ್ದ. ಆ ವರ್ಷ ಹೊಸವರ್ಷ ಕಳೆದ ಹತ್ತನೇ ದಿನ ಪಕ್ಕದ ಊರಿನ ಬಾಯ್ಲರು ಒಡೆಯಿತು. ಚೆರ್ರಿ ಹೂ ಬಿಡುವ ತನಕ ಸ್ನಾನದ ಮನೆ ಮುಚ್ಚಿದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು.

ಅದೇ ವಾರ ಅಂಗಡಿಯ ಯಜಮಾನಿ, ವಿಧವೆ ತಾತ್ಸು, ಅವನನ್ನು ಒಳಗೆ ಕರೆದು ಎದುರಿಗೆ ಕೂರಿಸಿಕೊಂಡು ತಾನೇ ಕೈಯಾರೆ ಚಹಾ ಬಗ್ಗಿಸಿದಳು. ಹಾಗೆ ಅವಳು ಬಗ್ಗಿಸಿದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

"ನಮ್ಮ ಹಿರಿಗುಮಾಸ್ತರು ಮಗಳ ಮನೆಗೆ ಹೋಗಿಬಿಡ್ತಾರಂತೆ. ಆ ಜಾಗಕ್ಕೆ ನಿಮ್ಮನ್ನೇ ಅಂದ್ಕೊಂಡಿದೀನಿ. ಎರಡನೇ ತಿಂಗಳ ಎರಡನೇ ತಾರೀಖು ಎಲ್ಲರ ಮುಂದೆ ಹೇಳ್ತೀನಿ" ಎಂದಳು. ಅದು, ಅಂದು ಹಾಕಿದ ಯೈತೊ ಮೈಗೆ ಎರಡು ಪಟ್ಟು ಹತ್ತುತ್ತದೆ ಎಂದು ಊರೆಲ್ಲ ಅಂಗಡಿಗೆ ಬರುವ ದಿನ. "ಒಂದೇ ಒಂದು ಮಾತು, ಯಸೊಕಿಚಿ ಸಾನ್. ನಿಮ್ಮ ಬೆನ್ನು ಊರಲ್ಲಿ ಯಾರೂ ನೋಡಿಲ್ಲ ಅಂತ ತೋಫು ಗೊನ್ಸಾಕು ಹೇಳ್ತಾ ಇದ್ದ. ತಮಾಷೆಗೆ ಹೇಳಿದ್ದು ಅಂತ ನಾನು ಅಂದ್ಕೊಂಡೆ."

"ತಮಾಷೆನೇ" ಎಂದ ಯಸೊಕಿಚಿ. ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದ.

ಮನೆಗೆ ಬಂದವನು ಕಿನುವಿನ ಮುಂದೆ ಕುಸಿದು ಕುಳಿತ. ಕಿನು ಮಾತು ಕಡಿಮೆಯ ಹೆಂಗಸು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದರೂ ಆ ಮನೆಯಿಂದ ಅವಳ ದನಿ ಹೊರಗೆ ಬಂದದ್ದನ್ನು ಅಕ್ಕಪಕ್ಕದವರು ಕೇಳಿರಲಿಲ್ಲ. ಹೇಳುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ ಎಂದಲ್ಲ. ಯಸೊಕಿಚಿ ಸಂದು ಕೊಡುತ್ತಿರಲಿಲ್ಲ, ಅಷ್ಟೇ.

"ನಿಜವಾಗಿ ಹಾಕಿಸ್ಕೊಂಡ್ರೆ ಆಗಲ್ವಾ?" ಎಂದು ಕೇಳಿದಳು.

"ನಾನು ಸತ್ತರೆ ನಿನಗೇನು ಸುಖ?" ಎಂದ.

ಕಿನು ಎದ್ದು ಹೋಗಿ ಛತ್ರಿ ಮಾಡುವ ನೆರೆಮನೆಯಿಂದ ಒಂದು ಬಟ್ಟಲು ಕಾಕಿ ಕಾಯಿಯ ಒಗರು ರಸ ತಂದಳು. ಮಳೆಗೆ ಹಾಳಾಗದಿರಲೆಂದು ಛತ್ರಿಯ ಕಾಗದಕ್ಕೆ ಬಳಿಯುವ ರಸ ಅದು. ಬಳಿದಾಗ ತಿಳಿಯಾಗಿದ್ದು, ದಿನ ಕಳೆದಂತೆ ಕಂದಾಗುತ್ತದೆ, ನೀರಿಗೆ ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಯಸೊಕಿಚಿ ಅಂಗಿ ಬಿಚ್ಚಿ ಬೋರಲಾಗಿ ಮಲಗಿ, ಬೆನ್ನುಮೂಳೆಯಿಂದ ಎರಡು ಬೆರಳು ಆಚೆ, ಹೆಗಲಮೂಳೆಯ ಕೆಳತುದಿಗೆ ನೇರ ಎಂದು ಪಂಡಿತನಂತೆ ಅಪ್ಪಣೆ ಕೊಡತೊಡಗಿದ. ಅವನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಕಚಗುಳಿಯನ್ನು. ಕುಂಚ ತಾಗಿದ ಕೂಡಲೇ ಅವನು ಹಾವಿನಂತೆ ಹೊರಳಿದ. ಕಿನು ಮೇಲೆ ಇಡಲು ಹೋದ ಚುಕ್ಕೆ ಕೆಳಗೆ ಬಿತ್ತು, ಎಡಕ್ಕೆ ಇಡಲು ಹೋದದ್ದು ಬಲಕ್ಕೆ ಬಿತ್ತು. ಎಂಟು ಮುಗಿದು, ಇನ್ನು ಸಾಕು ಎಂದು ಕಿನು ಕುಂಚ ಎತ್ತುವ ಹೊತ್ತಿಗೆ ಯಸೊಕಿಚಿ ದೊಡ್ಡದಾಗಿ ಸೀನಿದ. ಒಂಬತ್ತನೆಯದು ಎಡ ಪಕ್ಕೆಯ ಮೇಲೆ, ಎಲ್ಲಕ್ಕಿಂತ ದಪ್ಪಗೆ ಬಿತ್ತು.

ಮೂರು ದಿನ ಬಿಟ್ಟು, ಚುಕ್ಕೆಗಳು ಚೆನ್ನಾಗಿ ಕಂದಾದ ಮೇಲೆ, ಯಸೊಕಿಚಿ ಊರಿನ ಸ್ನಾನದ ಮನೆಗೆ ಹೋಗಿ ರಾಜನಂತೆ ಬೆನ್ನು ತಿರುಗಿಸಿ ಕುಳಿತ. ತೋಫು ಮಾಡುವ ಗೊನ್ಸಾಕು ತನ್ನ ಮರದ ಪುಟ್ಟ ಮಣೆಯನ್ನು ಎಳೆದುಕೊಂಡು ಹತ್ತಿರ ಬಂದ.

"ಇದು ಎಲ್ಲಿಯ ಯೈತೊ ಮಾರಾಯಾ? ಇಂಥ ಜಾಗದಲ್ಲಿ ನಾನೆಲ್ಲೂ ನೋಡಿಲ್ಲ. ಪಕ್ಕೆ ಮೇಲೆ ಯಾರಾದ್ರೂ ಹಾಕ್ತಾರಾ?"

ತನ್ನ ಬೆನ್ನಿನ ಮೇಲೆ ಏನಿದೆ ಎಂದು ಯಸೊಕಿಚಿಗೆ ಕಾಣಿಸುತ್ತಿರಲಿಲ್ಲ. ಆದರೆ ಬಾಯಿ ಅವನ ಕೈಬಿಡುವಂಥದಲ್ಲ. "ಅದು ನಮ್ಮ ಮನೆತನದ್ದು. ಮುತ್ತಾತನಿಂದ ಬಂದ ಗುಟ್ಟು" ಎಂದ.

ಮನೆತನದ ಗುಪ್ತ ಯೈತೊ ಎಂದರೆ ಆ ಸೀಮೆಯಲ್ಲಿ ಸಾಮಾನ್ಯದ ಮಾತಲ್ಲ. ಒಂದೊಂದು ದೇವಸ್ಥಾನ, ಒಂದೊಂದು ಹಳೆಯ ಮನೆ ಇಂಥ ಒಂದು ಗುಟ್ಟಿನ ಮೇಲೆಯೇ ಮುನ್ನೂರು ವರ್ಷ ಮರ್ಯಾದೆಯಿಂದ ಬಾಳಿದ್ದುಂಟು. ಗೊನ್ಸಾಕುವಿನ ಕಣ್ಣು ಅಗಲವಾಯಿತು. "ಯಾವುದಕ್ಕೆ ಅದು?"

"ಹೇಳೋ ಹಾಗಿಲ್ಲ."

ತೊಟ್ಟಿಯೊಳಗೆ ಕುತ್ತಿಗೆಯವರೆಗೆ ಮುಳುಗಿದ್ದ ಸೇಗೆನ್ ಮೇಷ್ಟ್ರನ್ನು ಎಲ್ಲರೂ ನೋಡಿದರು. ಎಂಬತ್ತೆಂಟು ವರ್ಷದ ಮುದುಕ, ಊರಿನಲ್ಲಿ ಸರ್ಕಾರದ ಲೈಸೆನ್ಸು ಪಡೆದ ಒಬ್ಬನೇ ಯೈತೊ ವೈದ್ಯ, ಅದಕ್ಕೇ ಊರಿಗೆಲ್ಲ ಮೇಷ್ಟ್ರು. ಕಣ್ಣು ಮಂಜಾಗಿದ್ದರಿಂದ ಬೆರಳಿನಿಂದಲೇ ನೋಡುತ್ತಿದ್ದ. ಅವನು ಎದ್ದು ಬಂದು ಒಂಬತ್ತು ಚುಕ್ಕೆಗಳನ್ನೂ ಒಂದೊಂದಾಗಿ ಮುಟ್ಟಿದ. ಅವನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಅರವತ್ತು ವರ್ಷ ಮೇಷ್ಟ್ರಾಗಿದ್ದವನು ಬೆತ್ತಲೆ ನಿಂತ ಹದಿನೈದು ಗಂಡಸರ ಮುಂದೆ ಗೊತ್ತಿಲ್ಲ ಎನ್ನಲಾದೀತೇ?

"ಹ್ಞಾಂ, ಇದಾ. ಕ್ಯೋತೋದಲ್ಲಿ ಚಿಕ್ಕವನಿದ್ದಾಗ ಒಬ್ಬರ ಮೈಮೇಲೆ ನೋಡಿದ್ದೆ" ಎಂದ.

ಅಲ್ಲಿಗೆ ಯಸೊಕಿಚಿಯ ಮುತ್ತಾತ ದೊಡ್ಡ ಮನುಷ್ಯನಾದ. ಗೊನ್ಸಾಕು ಬೆನ್ನು ಉಜ್ಜಿಕೊಡುತ್ತೇನೆಂದು ಒರಟು ಬಟ್ಟೆ ತೆಗೆದುಕೊಂಡು ಕುಳಿತ. ಬೆನ್ನು ಉಜ್ಜಿದ್ದು ಬರೀ ನೆಪ. ಚುಕ್ಕೆಯಿಂದ ಚುಕ್ಕೆಗೆ ಎಷ್ಟು ಬೆರಳು ಎಂದು ಅಳೆದು ಬಾಯಲ್ಲೇ ಗುನುಗಿಕೊಳ್ಳುತ್ತಿದ್ದ. ಕಾಕಿ ರಸ ಉಜ್ಜಿದಷ್ಟೂ ಹೊಳೆಯಿತು.

ಮಾರನೆಯ ಬೆಳಿಗ್ಗೆ ಗೊನ್ಸಾಕುವಿನ ಅಂಗಡಿಯ ಮುಂದೆ ಚರ್ಚೆ ನಡೆಯಿತು. ಈ ಗುಪ್ತ ಯೈತೊ ಯಾವ ಕಾಯಿಲೆಗೆ? ಕೆಮ್ಮಿಗಲ್ಲ, ಯಸೊಕಿಚಿ ಬೆಳಿಗ್ಗೆ ಬೆಳಿಗ್ಗೆ ಕೆಮ್ಮುವುದು ರೈಲು ನಿಲ್ದಾಣದವರೆಗೂ ಕೇಳಿಸುತ್ತದೆ. ಸೊಂಟಕ್ಕಲ್ಲ, ಅವನು ನಡೆಯುವುದು ಬಾಗಿಕೊಂಡೇ. ಕೂದಲಿಗಂತೂ ಅಲ್ಲವೇ ಅಲ್ಲ.

"ಬೇರೆಯವರ ಮನೇಲಿ ಇದ್ದು ಅವನ ಮನೇಲಿ ಇಲ್ಲದ್ದು ಏನು ಹೇಳಿ" ಎಂದ ಗೊನ್ಸಾಕು. ಒಳಗಿನಿಂದ ಅವನ ಹೆಂಡತಿ ಒತೋರಾ, ಸೋಯಾಕಾಳು ರುಬ್ಬುವುದನ್ನು ಬಿಟ್ಟು ಬೀದಿಯಲ್ಲಿ ಹರಟುವ ಗಂಡನನ್ನು ಅವನ ತಂದೆಯ ಹೆಸರಿನಿಂದ ಹಿಡಿದು ಮೂರು ತಲೆಮಾರಿನ ತನಕ ವಿಚಾರಿಸಿಕೊಳ್ಳುತ್ತಿದ್ದಳು. ಅವಳ ದನಿ ಒಂದು ಕ್ಷಣ ನಿಂತಾಗ ಗೊನ್ಸಾಕು ಮೆಲುದನಿಯಲ್ಲಿ ಹೇಳಿದ. "ಇದು. ಈ ಬಾಯಿ ಅವನ ಮನೇಲಿ ಇಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನ ಬೆನ್ನಿಗೆ ಹಾಕಿದರೆ ಹೆಂಡತಿಯ ಬಾಯಿ ತಣ್ಣಗಾಗುವ ಯೈತೊ.

ಅಂದು ಸಂಜೆಯಿಂದಲೇ ಊರಿನಲ್ಲಿ ಪ್ರಯೋಗ ಶುರುವಾಯಿತು. ತನ್ನ ಬೆನ್ನಿಗೆ ತಾನೇ ಯೈತೊ ಹಾಕಿಕೊಳ್ಳಲು ಯಾರಿಗೂ ಕೈ ಎಟುಕುವುದಿಲ್ಲವಾದ್ದರಿಂದ ಹೆಂಡತಿಯರೇ ಹಾಕಬೇಕಾಯಿತು. ಕಾಯಿಲೆ ತಮ್ಮದೇ ಎಂದು ಅವರಿಗೆ ಯಾರೂ ಹೇಳಲಿಲ್ಲ. ಒತೋರಾ, ಗಂಡ ಹೇಳಿದ ಅಳತೆಗೆ ಮಸಿಯಲ್ಲಿ ಗುರುತಿಟ್ಟ ಒಂಬತ್ತು ಚುಕ್ಕೆಗಳ ಮೇಲೆ ಏಳೇಳು ಸೋ ಉರಿಸಿದಳು. ಅರ್ಧ ಗಂಟೆ ಗೊನ್ಸಾಕು ಬೋರಲಾಗಿ, ಹಲ್ಲು ಕಚ್ಚಿ, ತುಟಿ ಪಿಟಕ್ಕೆನ್ನದೆ ಬಿದ್ದಿದ್ದ. ಒತೋರಾ ಆ ಅರ್ಧ ಗಂಟೆ ತನ್ನ ತವರಿನ ವಿಚಾರ, ನಾದಿನಿಯ ವಿಚಾರ, ಸೋರುವ ಚಾವಣಿಯ ವಿಚಾರ ಎಲ್ಲ ಹೇಳಿಕೊಂಡಳು. ಅವನು ಎದ್ದು ಹೋಗಲಿಲ್ಲ, ಎದುರು ಮಾತಾಡಲಿಲ್ಲ, ಮೂರು ಸಲ ‘ಹೂಂ’ ಎಂದ. ಮಾರನೆಯ ದಿನ ಒತೋರಾ ಗಿರಾಕಿಗಳಿಗೆ ನಗುನಗುತ್ತಾ ತೋಫು ಕೊಟ್ಟಳು. ಮಧ್ಯಾಹ್ನದ ತನಕ ಬೈಗುಳ ಕೇಳಿಸಲಿಲ್ಲ.

"ಹತ್ತಿತು" ಎಂದ ಗೊನ್ಸಾಕು. ಅವನ ಕಣ್ಣಲ್ಲಿ ನೀರು ಬಂದಿತ್ತು.

ಒಂದು ವಾರದೊಳಗೆ ಊರಿನ ಅರ್ಧ ಗಂಡಸರು ಬೋರಲು ಬಿದ್ದರು. ಸಂಜೆಯಾದರೆ ಬೀದಿಬೀದಿಯಲ್ಲಿ ಮಾಚಿಪತ್ರೆಯ ಹೊಗೆ. ಯಜಮಾನಿ ತಾತ್ಸುವಿನ ಅಂಗಡಿಯಲ್ಲಿ, ನೇರ ಮೈಮೇಲೆ ಇಡುವ ಹೊಂಬಣ್ಣದ ಉತ್ತಮ ಮೊಗುಸಾ ಖಾಲಿಯಾಗಿ ಗೋದಾಮಿನ ಬಾಗಿಲು ತೆರೆಯಬೇಕಾಯಿತು. ಯಸೊಕಿಚಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಗಂಡಸರು ದಾರಿಯಲ್ಲಿ ಅವನ ಕೈ ಹಿಡಿದು, ಏನೂ ಹೇಳದೆ, ಗಟ್ಟಿಯಾಗಿ ಅಲುಗಿಸಿ ಹೋಗುತ್ತಿದ್ದರು.

ತಿಂಗಳ ಕೊನೆಯ ವಾರ ಆರೋಗ್ಯ ಇಲಾಖೆಯಿಂದ ಮುರೊಯಾ ಎಂಬ ಅಧಿಕಾರಿ ಚರ್ಮದ ಚೀಲ ಹಿಡಿದುಕೊಂಡು ಬಂದ. ಲೈಸೆನ್ಸಿಲ್ಲದೆ ಯಾರೋ ಊರಿಗೆಲ್ಲ ಯೈತೊ ಹಾಕುತ್ತಿದ್ದಾರೆಂದು ದೂರು ಹೋಗಿತ್ತಂತೆ. ಅಂಗಡಿಯ ಮುಂದೆ ಅವನನ್ನು ಕಂಡದ್ದೇ ಯಸೊಕಿಚಿ ಮೊಗುಸಾ ಮೂಟೆಗಳ ಹಿಂದೆ ಕುಳಿತುಬಿಟ್ಟ. ಮೊಗುಸಾ ಕೊಳ್ಳಲು ಬಂದಿದ್ದ ಒತೋರಾಳೇ ಸಿಕ್ಕಿಬಿದ್ದಳು.

"ಯೈತೊ ಹಾಕ್ತಿರೋರು ಯಾರು?" ಎಂದು ಮುರೊಯಾ ಪುಸ್ತಕ ತೆಗೆದ.

"ನಾನೇ."

"ಯಾರಿಗೆ?"

"ನನ್ನ ಗಂಡನಿಗೆ."

"ಲೈಸೆನ್ಸ್ ಇದೆಯೇನ್ರೀ?"

"ಮದುವೆ ರಿಜಿಸ್ಟರ್ ಆಗಿದೆ. ತರಲಾ?"

ಮುರೊಯಾ ಬರೆಯಲು ಹೋಗಿ ಪೆನ್ಸಿಲನ್ನು ಕಾಗದದಿಂದ ಮೇಲೆತ್ತಿದ. ಸ್ವಂತ ಗಂಡನಿಗೆ ಹಾಕುವುದಕ್ಕೆ ಯಾವ ಫಾರಂ ಎಂದು ಅವನಿಗೆ ಹೊಳೆಯಲಿಲ್ಲ. ಕೊನೆಗೆ, ಇದರ ಗುಣ ಏನು ಎಂದು ವಿಚಾರಿಸಿದ. ಒತೋರಾ ತನಗೆ ಗೊತ್ತಿಲ್ಲವೆಂದಳು. ಆಗ ಅಲ್ಲಿದ್ದ ಗಂಡಸರಲ್ಲಿ ಒಬ್ಬ ಅವನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ. ಅಧಿಕಾರಿ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದ. ಅವನ ಮನೆಯಲ್ಲಿ ಹೆಂಡತಿಯ ಜೊತೆಗೆ ಅತ್ತೆಯೂ ಇದ್ದಳು.

"ತನಿಖೆ ಪೂರ್ತಿ ಆಗ್ಬೇಕಾದ್ರೆ ಚುಕ್ಕೆಗಳ ನಕ್ಷೆ ಬೇಕಾಗುತ್ತೆ" ಎಂದ. ಮೂಟೆಗಳ ಹಿಂದಿನಿಂದ ಯಸೊಕಿಚಿಯನ್ನು ಎಳೆದು ತಂದು ಅಂಗಿ ಬಿಚ್ಚಿಸಿದರು. ಮುರೊಯಾ ಸರ್ಕಾರಿ ಕಾಗದದ ಮೇಲೆ ನಕ್ಷೆ ಬರೆದುಕೊಂಡು, ಎರಡು ಪೊಟ್ಟಣ ಮೊಗುಸಾ ಕೊಂಡು, ಮೂರೂವರೆಯ ರೈಲಿಗೆ ಹೋದ.

ಅಂಗಿ ತೊಟ್ಟುಕೊಳ್ಳುವಾಗ ಯಸೊಕಿಚಿ ಗುಂಪಿನಲ್ಲಿದ್ದ ಗೊನ್ಸಾಕುವನ್ನು ಹಿಡಿದು ವಿಷಯವೇನೆಂದು ಕೇಳಿದ. ಗೊನ್ಸಾಕು ಎಲ್ಲವನ್ನೂ ಹೇಳಿದ. ಯಸೊಕಿಚಿ ಮತ್ತೆ ಮೂಟೆಗಳ ಹಿಂದೆ ಹೋಗಲು ತಿರುಗಿದ. ಆದರೆ ಆ ಹೊತ್ತಿಗೆ ಯಜಮಾನಿ ತಾತ್ಸು ಹಿಂದೆ ಬಂದು ನಿಂತಿದ್ದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು? ಎರಡನೇ ತಾರೀಖು ಅಂಗಡಿ ಮುಂದೆ ಚಾಪೆ ಹಾಸಿಸ್ತೀನಿ. ಊರಿನವರೆಲ್ಲ ನೋಡೋ ಹಾಗೆ ನಿಮ್ಮ ಹೆಂಡತಿ ನಿಮಗೆ ಯೈತೊ ಹಾಕ್ಲಿ. ಆಮೇಲೆ ಹಿರಿಗುಮಾಸ್ತರು ಅಂತ ಹೇಳ್ಬಿಡ್ತೀನಿ."

ಒಪ್ಪಿದರೆ ಬೆಂಕಿ, ಒಪ್ಪದಿದ್ದರೆ ಇಪ್ಪತ್ತಾರು ವರ್ಷದ ಕೆಲಸವೂ ಮಾನವೂ ಎರಡೂ ಹೋಗುತ್ತವೆ. ಯಸೊಕಿಚಿ ನಾಲ್ಕು ದಿನ ಊಟ ಬಿಟ್ಟ. ಕೊನೆಗೆ ಕಿನುವಿನೊಂದಿಗೆ ಒಪ್ಪಂದವಾಯಿತು. ಅವಳು ಕಿಡಿಯನ್ನು ತುಸು ಸೋಕಿಸಬೇಕು, ಹೊಗೆ ಕಂಡ ಕೂಡಲೇ, ಬಿಸಿ ತಿಳಿಯುವುದಕ್ಕೂ ಮುಂಚೆ, ಚಿವುಟಿ ತೆಗೆಯಬೇಕು. "ಬಾಯಿ ಬಿಡಬೇಡ. ಏನೇ ಆದ್ರೂ ಬಾಯಿ ಬಿಡಬೇಡ" ಎಂದು ಅವನು ದಿನಕ್ಕೆ ಹತ್ತು ಸಲ ಹೇಳಿದ. ಕಿನು ತಲೆಯಾಡಿಸಿದಳು.

ಎರಡನೇ ತಾರೀಖು ಬೆಟ್ಟದ ಮೇಲೆ ಹಿಮ, ಬೀದಿಯ ತುಂಬ ಜನ. ಸೇಗೆನ್ ಮೇಷ್ಟ್ರು ಮುಂದಿನ ಸಾಲಿನಲ್ಲಿ ಮೆತ್ತೆಯ ಮೇಲೆ ಕುಳಿತಿದ್ದ. ಯಸೊಕಿಚಿ ಅಂಗಿ ಬಿಚ್ಚಿ ಚಾಪೆಯ ಮೇಲೆ ಬೋರಲಾದ. ಮೈ ನಡುಗುತ್ತಿದ್ದದ್ದು ಚಳಿಗೆ ಎಂದು ಜನ ತಿಳಿದರು. ಕಿನು ಮೊಗುಸಾದ ತಟ್ಟೆಯ ಮುಂದೆ ಮಂಡಿಯೂರಿ ಕುಳಿತಳು. ಆಗ ಒಂದು ತೊಡಕು ಎದ್ದಿತು. ಮೊಗುಸಾ ಗುಮಾಸ್ತನ ಹೆಂಡತಿಯಾಗಿದ್ದರೂ ಅವಳು ಜನ್ಮದಲ್ಲಿ ಒಂದೇ ಒಂದು ಯೈತೊ ಹಾಕಿದವಳಲ್ಲ. ಅಕ್ಕಿಕಾಳಿನಷ್ಟು ಚಿವುಟಬೇಕು ಎಂಬುದನ್ನು ಹೇಳಲು ಯಸೊಕಿಚಿ ಮರೆತಿದ್ದ. ಅವಳು ನೆಲಗಡಲೆಯ ಗಾತ್ರದ ಒಂದು ಗುಡ್ಡೆಯನ್ನು ಪಕ್ಕೆಯ ಒಂಬತ್ತನೆಯ ಚುಕ್ಕೆಯ ಮೇಲೆ ಕೂರಿಸಿದಳು.

"ನೋಡ್ರಪ್ಪಾ, ಎಂಥ ಗಾತ್ರ" ಎಂದು ಗುಂಪು ಮೆಚ್ಚಿಕೊಂಡಿತು.

ಕಿನು ಊದುಬತ್ತಿ ತೆಗೆದುಕೊಂಡು ಬಗ್ಗಿದಳು. ಕಿಡಿ ಇನ್ನೂ ಒಂದು ಗೇಣು ದೂರದಲ್ಲಿತ್ತು. ಊದುಬತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಯಸೊಕಿಚಿ ಅಯ್ಯಯ್ಯೋ ಎಂದು ಆಕಾಶಕ್ಕೆ ಕೇಳಿಸುವಂತೆ ಕಿರುಚಿ, ಎದ್ದು, ಸೇಗೆನ್ ಮೇಷ್ಟ್ರನ್ನು ದಾಟಿ, ಬರಿಮೈಯಲ್ಲಿ ಬೀದಿಗೆ ಓಟ ಕಿತ್ತ. ಉರಿಯದ ಮೊಗುಸಾ ಮೇಷ್ಟ್ರ ಮಡಿಲಲ್ಲಿ ಬಿತ್ತು.

"ನಿಲ್ರೀ."

ಆ ದನಿ ಯಾರದೆಂದು ಜನಕ್ಕೆ ತಿಳಿಯಲಿಲ್ಲ. ಯಸೊಕಿಚಿಗೂ ತಿಳಿಯಲಿಲ್ಲ. ಆದರೆ ಕಾಲು ತಾನಾಗಿ ನಿಂತಿತು. ಕಿನು ಊದುಬತ್ತಿ ಹಿಡಿದುಕೊಂಡೇ ಚಾಪೆಯ ಮೇಲೆ ಎದ್ದು ನಿಂತಿದ್ದಳು.

"ಇನ್ನೂ ಹಚ್ಚೇ ಇಲ್ಲ, ಓಡಿದ್ರಲ್ಲಾ. ನಾಲ್ಕು ದಿನದಿಂದ ಅನ್ನ ಮುಟ್ಟಿಲ್ಲ, ನನಗೂ ತಿನ್ನಕ್ಕೆ ಬಿಟ್ಟಿಲ್ಲ. ಬಾಯಿ ಬಿಡಬೇಡ, ಬಾಯಿ ಬಿಡಬೇಡ ಅಂತ. ಯಾವತ್ತು ಬಿಡಕ್ಕೆ ಬಿಟ್ಟಿದ್ರಿ? ಇವರ ಮೈಮೇಲೆ ಹುಟ್ಟಿದಾಗಿಂದ ಒಂದು ಕಿಡಿ ಬಿದ್ದಿಲ್ಲ ಕೇಳಿ ಎಲ್ಲರೂ. ಅದು ಯೈತೊ ಅಲ್ಲ, ಛತ್ರಿಗೆ ಬಳಿಯೋ ಕಾಕಿ ರಸ. ಬಳಿದವಳು ನಾನು. ಕಚಗುಳಿ ಅಂತ ಹೊರಳಾಡಿದವರು ಇವರು. ಮುತ್ತಾತನೂ ಇಲ್ಲ, ಮಣ್ಣೂ ಇಲ್ಲ. ಆ ಪಕ್ಕೆ ಮೇಲಿಂದು ಇವರು ಸೀನಿದಾಗ ಬಿದ್ದದ್ದು."

ಗೊನ್ಸಾಕು ಮೆಲ್ಲಗೆ ಅಂಗಿಯೊಳಗೆ ಕೈ ಹಾಕಿ ತನ್ನ ಎಡ ಪಕ್ಕೆಯನ್ನು ಮುಟ್ಟಿ ನೋಡಿಕೊಂಡ. ಅಲ್ಲಿ ಹತ್ತು ದಿನದಲ್ಲಿ ಎಪ್ಪತ್ತು ಸೋ ಉರಿದಿತ್ತು. ಎಲ್ಲರೂ ಸೇಗೆನ್ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಮಡಿಲಿನ ಮೊಗುಸಾವನ್ನು ಕೊಡವಿಕೊಂಡ.

"ಕ್ಯೋತೋದಲ್ಲೂ ಅದು ಸೀನಿದ್ದರಿಂದ್ಲೇ ಬಂದದ್ದು ಅಂತ ಕೇಳಿದ್ದೆ" ಎಂದ.

ಗಂಡಸರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡತೊಡಗಿದರು. ಗೊನ್ಸಾಕು ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಒತೋರಾ ಅವನ ಅಂಗಿಯ ಹಿಂಭಾಗ ಹಿಡಿದಳು.

"ಎಲ್ಲಿಗೆ ಹೊರಟ್ರಿ?"

"ಕೇಳಿಸ್ಲಿಲ್ವಾ? ಎಲ್ಲ ಸುಳ್ಳಂತೆ. ಇನ್ನು ಯೈತೊ ಬೇಡ."

"ಸುಳ್ಳು ಅಂತ ಯಾರಂದ್ರು? ನನಗೆ ವಾಸಿಯಾಗಿದೆ."

"ನಿನಗೇನಾಗಿತ್ತು?"

"ಏನಾಗಿತ್ತು ಅಂತ ಮಲಕ್ಕೊಂಡಾಗ ಹೇಳ್ತೀನಿ. ಇವತ್ತು ಎರಡು ಪಟ್ಟು ಹತ್ತೋ ದಿನ ಬೇರೆ." ಒತೋರಾ ಕಟ್ಟೆಯ ಮೇಲೆ ಕೈಯೂರಿ ನಾಲ್ಕು ಪೊಟ್ಟಣ ಕೇಳಿದಳು. ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಸಾಲು ನಿಂತರು. ತಮಗೂ ವಾಸಿಯಾಗಿದೆ ಎಂದರು. ಒಬ್ಬಳಂತೂ, ಹದಿನಾರು ವರ್ಷದಿಂದ ಇದ್ದದ್ದು ಒಂದೇ ವಾರದಲ್ಲಿ ಹಗುರಾಯಿತು ಎಂದಳು. ಗಂಡಂದಿರು ಗೋಡೆ ಪಕ್ಕದಲ್ಲಿ ತಲೆ ತಗ್ಗಿಸಿ ಕಾಯುತ್ತಿದ್ದರು.

ಯಜಮಾನಿ ತಾತ್ಸು ಆ ಸಾಲನ್ನು ಅದರ ತುದಿಯವರೆಗೂ ನೋಡಿದಳು. ಆಮೇಲೆ ಬರಿಮೈಯಲ್ಲಿ ನಡುಗುತ್ತಿದ್ದ ಯಸೊಕಿಚಿಯನ್ನು ನೋಡಿದಳು. ಆಮೇಲೆ ಕಿನುವಿನ ಮುಂದೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದಳು.

"ಕಿನು ಸಾನ್, ಹಿರಿಗುಮಾಸ್ತರ ಜಾಗ ಖಾಲಿ ಇದೆ. ನಾಳೆಯಿಂದ ಬರ್ತೀರಾ?"

"ಬರ್ತೀನಿ" ಎಂದಳು ಕಿನು. "ಇವರನ್ನೂ ಕರ್ಕೊಂಡು ಬರ್ತೀನಿ. ಗಿರಾಕಿಗಳಿಗೆ ತೋರಿಸೋಕೆ ಒಂದು ಬೆನ್ನು ಬೇಕಾಗುತ್ತೆ."

ಮನೆಗೆ ಹೋದ ಮೇಲೆ ಕಿನು ಚಾಪೆ ಹಾಸಿದಳು, ಊದುಬತ್ತಿ ಹಚ್ಚಿದಳು, ಕಿಟಕಿಯ ಬೆಳಕಿಗೆ ಕುಳಿತು ಮೊಗುಸಾವನ್ನು ಅಕ್ಕಿಕಾಳಿನಷ್ಟು ಸಣ್ಣದಾಗಿ ಚಿವುಟಿ ಚಿವುಟಿ ತಟ್ಟೆಯಲ್ಲಿ ಸಾಲಾಗಿ ಇಟ್ಟಳು. ಒಂದು ಸಾಲು ಮುಗಿದು ಎರಡನೆಯದಾಯಿತು, ಮೂರನೆಯದಾಯಿತು. ಯಸೊಕಿಚಿ ಬಾಗಿಲ ಕಡೆ ನೋಡಿದ. ಅವಳು ಬಾಗಿಲಿಗೆ ಅಡ್ಡವಾಗಿಯೇ ಕುಳಿತಿದ್ದಳು.

"ಮಲಕ್ಕೊಳ್ಳಿ."

ಅವನು ಬೋರಲಾಗಿ ಮಲಗಿ ಕಣ್ಣು ಮುಚ್ಚಿದ. "ಎಷ್ಟು ಸೋ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ನನ್ನ ಮಾತು ಮುಗಿಯೋವರೆಗೂ" ಎಂದು ಹೇಳಿ ಕಿನು ಮದುವೆಯ ದಿನದಿಂದ ಶುರುಮಾಡಿದಳು.